ಕೈ ಮುಗಿದು ಮೂರು ಸುತ್ತು

ನಾಲ್ಕು ತಿಂಗಳಿಂದ ಗಂಗಾಧರನಿಗೆ ಸುಮ್ಮನೆ ನಡೆಯುವುದು ಮರೆತುಹೋಗಿತ್ತು. ಹೆಜ್ಜೆ ಎತ್ತಿದರೆ ಸಾಕು, ಯಾವ ಸ್ನಾಯು ಎಳೆಯಿತು, ಯಾವುದು ಸಡಿಲ ಬಿಟ್ಟಿತು, ಯಾವ ನರ ಅಪ್ಪಣೆ ಕೊಟ್ಟಿತು ಎಂದು ತಲೆಯೊಳಗೆ ಕೂತ ಪರೀಕ್ಷಕನೊಬ್ಬ ಕೇಳುತ್ತಿದ್ದ. ಇವನು ಉತ್ತರ ಹುಡುಕುವಷ್ಟರಲ್ಲಿ ಮುಂದಿನ ಹೆಜ್ಜೆ ಬಂದುಬಿಡುತ್ತಿತ್ತು. ಮೆಡಿಕಲ್ ಕಾಲೇಜು ಸೇರಿದ ಕತ್ರಿಗುಪ್ಪೆಯ ಮೊದಲ ಹುಡುಗ ನಡೆಯುವುದಕ್ಕೇ ತಿಣುಕುತ್ತಾನೆ ಎಂದು ಗೊತ್ತಾದರೆ ಊರವರು ನಗದೆ ಬಿಡುತ್ತಿರಲಿಲ್ಲ. ಇವತ್ತು ಶುಕ್ರವಾರ ಬೆಳಿಗ್ಗೆ, ರಾಗಿ ಕೊಯ್ದ ಹೊಲಗಳ ನಡುವೆ, ಬನಶಂಕರಿ ಗುಡಿಗೆ ಹೊರಟ ಬಂಡಿಯ ಹಿಂದೆ ಧೂಳು ತಿನ್ನುತ್ತ ಬರುವಾಗಲೂ ಅದೇ ಕಾಟ. ಬಲಗಾಲು ನೆಲ ಬಿಟ್ಟಿತು, ಹಾಗಾದರೆ ಈಗ ಎಡಸೊಂಟವನ್ನು ಹಿಡಿದಿರುವುದು ಯಾವುದು? ಗ್ಲೂಟಿಯಸ್ ಮೀಡಿಯಸ್. ಅದು ಸತ್ತಿದ್ದರೆ? ಸೊಂಟ ಬಲಕ್ಕೆ ಕುಸಿಯುತ್ತದೆ. ಉತ್ತರ ಸರಿಯಾಗಿತ್ತು. ಆದರೆ ಅವನಿಗೆ ಖುಷಿಯಾಗಲಿಲ್ಲ, ಏಕೆಂದರೆ ಆ ಸತ್ತ ಸ್ನಾಯು ಅವನ ಮುಂದೆಯೇ ಬಂಡಿಯಲ್ಲಿ ಕೂತಿತ್ತು, ಹಸಿರು ಲಂಗ ಉಟ್ಟುಕೊಂಡು, ತಲೆತುಂಬ ಕನಕಾಂಬರ ಮುಡಿದುಕೊಂಡು.

ಅಂಜನಿ ಅವನ ತಂಗಿ. ಹದಿನೈದು ವರ್ಷ. ಮೂರರಲ್ಲಿ ಜ್ವರ ಬಂದು ಎಡಗಾಲು ಹೋಗಿತ್ತು. ಗಿಡದಲ್ಲೇ ಬಾಡಿದ ಹೀರೇಕಾಯಿಯ ಹಾಗೆ ಆ ಕಾಲು ಸಣ್ಣಗೆ, ತಣ್ಣಗೆ ಉಳಿದುಬಿಟ್ಟಿತ್ತು. ನಡೆಯುವಾಗ ಅವಳು ಎಡಗೈಯಿಂದ ಎಡತೊಡೆಯನ್ನು ಒತ್ತಿ ಹಿಡಿಯುತ್ತಿದ್ದಳು. ಪ್ರತಿ ಹೆಜ್ಜೆಗೂ ಒಂದು ಒತ್ತು. ಲಂಗದ ಆ ಜಾಗ ಒಗೆದರೂ ಹೋಗದ ಹಾಗೆ ಮಾಸಿರುತ್ತಿತ್ತು. ಇವತ್ತು ಅವಳು ಬನಶಂಕರಿಯ ಸುತ್ತ ಮೂರು ಸುತ್ತು ಹೆಜ್ಜೆ ನಮಸ್ಕಾರ ಮಾಡಬೇಕು. ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಕಿಸಿ, ಅಳೆದಳೆದು. ಗಂಗಾಧರ ಗುಡಿ ತಲುಪುವುದರೊಳಗೆ ಹೇಳಬೇಕಾಗಿದ್ದದ್ದು ಒಂದೇ ಮಾತು: ಕಾಲು ಬಂದಿಲ್ಲ, ನಾನು ತಪ್ಪು ನೋಡಿದೆ.

"ಯಾಕ್ಲಾ ಗಂಗ ಹಿಂದಿಂದೇ ಬರ್ತೀಯ? ಹತ್ಕೊ ಬಂಡೀನ" ಎಂದಳು ಅವ್ವ ಮುನಿವೆಂಕಟಮ್ಮ.

"ಬ್ಯಾಡ ಕಣವ್ವ. ನಡೀತೀನಿ."

"ಡಾಕ್ಟ್ರಿಗೆ ನಡಿಗೆ ಒಳ್ಳೇದಂತೆ ಬುಡು" ಎಂದ ಅಪ್ಪ ಬೋರಣ್ಣ, ಎತ್ತಿನ ಬಾಲ ತಿರುವುತ್ತ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಗಂಗಾಧರನಿಗೆ ಸಹಿಸಲಾಗದೆ ಹೋದದ್ದು.

ಹತ್ತೊಂಬತ್ತು ದಿನದ ಹಿಂದಿನ ಭಾನುವಾರದವರೆಗೆ ಅಪ್ಪ ಅವನೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಕಾಲಿನ ಭಾಗದ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ; ಮೂರನೆಯದು ಬರುವ ಸೋಮವಾರವಿತ್ತು. ಕೈ ಮುಗಿಸಿದ್ದ, ಹೊಟ್ಟೆ ಮುಗಿಸಿದ್ದ, ಕಾಲು ಮಾತ್ರ ಒಲ್ಲದು. ಡೆಮಾನ್‌ಸ್ಟ್ರೇಟರ್ ಚನ್ನಬಸವಯ್ಯನವರು ಎರಡನೆಯ ಸಲ ಅವನನ್ನು ಇಡೀ ಬ್ಯಾಚಿನ ಮುಂದೆ ಒಂಟಿಕಾಲಲ್ಲಿ ನಿಲ್ಲಿಸಿ, "ಈಗ ನೀವು ಬೀಳದ ಹಾಗೆ ಹಿಡಿದಿರೋದು ಯಾವುದು, ಮಿಸ್ಟರ್ ಗಂಗಾಧರ್? ನೆನಪಾಗೋವರೆಗೂ ಹಾಗೇ ನಿಂತಿರಿ" ಎಂದಿದ್ದರು. ಹೆಸರು ಬಾಯಿಗೆ ಬರಲಿಲ್ಲ. ಜಯನಗರದಿಂದ ಇಸ್ತ್ರಿ ಷರಟು ಹಾಕಿಕೊಂಡು ಬರುತ್ತಿದ್ದ ರಾಮಪ್ರಸಾದ ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದ. ಕಾಲು ನಡುಗತೊಡಗಿದಾಗ ಗಂಗಾಧರನಿಗೆ ನೆನಪಾದದ್ದು ಸ್ನಾಯುವಲ್ಲ, ಗದ್ದೆಯ ಬದುವಿನ ಕೊಕ್ಕರೆ. ಮನೆಗೆ ಬಂದು ಮುದ್ದೆ ಮುರಿದರೆ ಹೆಣ ಮುಟ್ಟಿ ಕೈಗೆ ಹತ್ತಿದ ಫಾರ್ಮಲಿನ್ ವಾಸನೆ. ಸೀಗೆಪುಡಿ ಹಚ್ಚಿ ಉಜ್ಜಿದರೂ ಹೋಗದು. ಅಪ್ಪ ಎದುರಿಗೆ ಕೂತು ಉಂಡು, ಕೈ ತೊಳೆದು, ಏನೂ ಕೇಳದೆ ಎದ್ದುಹೋಗಿದ್ದ.

ಪುಸ್ತಕದಲ್ಲಿ ತಲೆಗೆ ಹತ್ತದ್ದನ್ನು ಮೈಮೇಲೆ ಕಲಿಯೋಣವೆಂದು ಅವನು ಅಂಜನಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡ. ಅವಳ ಬಲಗಾಲು ಒಂದು ಪುಸ್ತಕ, ಎಡಗಾಲು ಇನ್ನೊಂದು. ಬಲದಲ್ಲಿ ಇರುವುದರಲ್ಲಿ ಎಡದಲ್ಲಿ ಯಾವುದಿಲ್ಲ ಎಂದು ನೋಡಿದರೆ ಎರಡೂ ಮನಸ್ಸಿನಲ್ಲಿ ನಿಲ್ಲುತ್ತಿದ್ದವು. ಬೇರೆಯವರು ಸತ್ತವರ ಕಾಲಲ್ಲಿ ಕಲಿತದ್ದನ್ನು ಇವನು ತಂಗಿಯ ಅರೆಸತ್ತ ಕಾಲಲ್ಲಿ ಕಲಿಯತೊಡಗಿದ್ದ. ತೊಡೆ ಬಿಗಿ ಮಾಡು, ಮೊಣಕಾಲು ಚಾಚು, ಪಾದ ಒಳಕ್ಕೆ ತಿರುಗಿಸು. ಅವಳು ಅವರೆಕಾಯಿ ಸುಲಿಯುತ್ತಲೇ ಹೇಳಿದ್ದನ್ನು ಮಾಡುತ್ತಿದ್ದಳು. ಆಗದ್ದಕ್ಕೆ, "ಅದು ಬರಾಕಿಲ್ಲ ಅಣ್ಣಯ್ಯ, ಮುಂದಕ್ಕೆ ಹೋಗು" ಎನ್ನುತ್ತಿದ್ದಳು, ಅಂಗಡಿಯಲ್ಲಿ ಸಾಮಾನು ಇಲ್ಲ ಎನ್ನುವ ಹಾಗೆ. ಆ ಭಾನುವಾರ ಎಡಪಾದವನ್ನು ಮೇಲಕ್ಕೆತ್ತು ಎಂದ. ಎತ್ತಿದಳು. ಹನ್ನೆರಡು ವರ್ಷದಿಂದ ಜೋತುಬಿದ್ದಿದ್ದ ಪಾದ ನಿಧಾನವಾಗಿ, ಅದುರುತ್ತ, ನಾಲ್ಕು ಬೆರಳಿನಷ್ಟು ಮೇಲೆದ್ದಿತು. ಟಿಬಿಯಾಲಿಸ್ ಆಂಟೀರಿಯರ್! ಪಾದ ಎತ್ತುವ ದೊಡ್ಡ ಸ್ನಾಯು, ಸತ್ತೇಹೋಯಿತು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದ ಸ್ನಾಯು. ಗಂಗಾಧರ ಹುಚ್ಚನಂತೆ ಕೂಗಿದ: "ಅವ್ವಾ, ಬಂತು! ಕಾಲು ಬಂತು!"

"ಬೆರಳಲ್ಲಿ ಎತ್ತಿದ್ದು ಅಣ್ಣಯ್ಯ" ಎಂದಳು ಅಂಜನಿ.

"ಸುಮ್ನಿರು, ನಿಂಗೇನ್ ಗೊತ್ತು" ಎಂದು ಅವನು ಗದರಿದ.

ಅಷ್ಟರಲ್ಲಿ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಾಗಿತ್ತು. ಅವಳು ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಅತ್ತಳೆಂದರೆ ಗಂಗಾಧರನಿಗೂ ಅಳು ಬಂತು. ಆಮೇಲೆ ಹನ್ನೆರಡು ವರ್ಷದಿಂದ ಯಾರಿಗೂ ಹೇಳದ ಹರಕೆಯನ್ನು ಹೇಳಿದಳು. ಕಾಲು ಎದ್ದ ಮೂರು ಶುಕ್ರವಾರದೊಳಗೆ, ಯಾರ ಆಸರೆಯೂ ಇಲ್ಲದೆ, ಕೈ ಮುಗಿದುಕೊಂಡು ಬನಶಂಕರಿ ತಾಯಿಯ ಸುತ್ತ ಮೂರು ಸುತ್ತು ಮಗಳ ಕೈಲಿ ಹೆಜ್ಜೆ ನಮಸ್ಕಾರ. ಮೊದಲ ಶುಕ್ರವಾರ ಅಂಜನಿ ಮುಟ್ಟಾದಳು. ಎರಡನೆಯದಕ್ಕೆ ಊರಲ್ಲಿ ಸಾವಾಗಿ ಸೂತಕ ಬಂತು. ಉಳಿದದ್ದು ಇದೊಂದೇ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ಅವನು ಆ ಎರಡು ಶುಕ್ರವಾರವೂ ಉಸಿರು ಬಿಟ್ಟಿದ್ದ. ಮೂರನೆಯ ಸಲ ಮುಟ್ಟೂ ಬರಲಿಲ್ಲ, ಯಾರೂ ಸಾಯಲೂ ಇಲ್ಲ.

ಸುದ್ದಿ ಊರು ತುಂಬಿತು. ಕಟ್ಟೆಯ ಮೇಲೆ ಬೋರಣ್ಣ, "ಆಸ್ಪತ್ರೆನೋರ್ ಕೈಲಾಗದ್ದು, ನಮ್ ಹುಡ್ಗ ನೋಡ್ದ, ಎದ್ದೇಬಿಡ್ತು" ಎಂದು ಹೇಳಿದ್ದೇ ಹೇಳಿದ್ದು. ಉತ್ತರಹಳ್ಳಿಯಿಂದ ಒಬ್ಬ ಮುದುಕಿ ಮಂಡಿನೋವು ತೋರಿಸಿಕೊಳ್ಳಲು ಬಂದಳು. ಗಂಗಾಧರ ಗಂಭೀರವಾಗಿ ಮಂಡಿ ಮುಟ್ಟಿ ನೋಡಿ, ಬಿಸಿನೀರಿನ ಕಾವು ಕೊಡಿ ಎಂದ. ಅಲ್ಪವಿದ್ಯಾ ಮಹಾಗರ್ವಿ. ಹಾಗೆ ಹೇಳುವಾಗ ಎದೆಯೊಳಗೆ ಏನೋ ಹಿತವಾಗಿ ಅರಳಿದ್ದು ಅವನಿಗೆ ಗೊತ್ತು. ಅಪ್ಪ ಆವತ್ತು ತಾನೇ ಕಾಫಿ ಲೋಟ ತಂದು ಅವನ ಪಕ್ಕದಲ್ಲಿಟ್ಟ. ಲೋಟವನ್ನು ನೋಡುತ್ತ, ಇಷ್ಟು ವರ್ಷದಲ್ಲಿ ಅಪ್ಪ ತನಗೆ ಕೈಯಾರೆ ಏನು ಕೊಟ್ಟಿದ್ದ ಎಂದು ಯೋಚಿಸಿದರೆ ಹೊಳೆಯಲಿಲ್ಲ.

ತಪ್ಪು ಗೊತ್ತಾದದ್ದು ಆ ಭಾನುವಾರ ಕಳೆದ ಬುಧವಾರವೇ, ಹೆಣದ ಮೇಜಿನ ಮುಂದೆ. ರಾಮಪ್ರಸಾದ ಚಿಮಟದಿಂದ ಒಂದು ಬಿಳಿ ದಾರದಂಥ ಸ್ನಾಯುರಜ್ಜುವನ್ನು ಎಳೆದು ತೋರಿಸುತ್ತಿದ್ದ. "ನೋಡೋ, ಇದು ಹೆಬ್ಬೆರಳು ಎತ್ತೋದು. ಆದ್ರೆ ಪಾದದ ಮುಂದಿಂದ್ಲೇ ಹಾಯತ್ತಲ್ಲ, ಅದಕ್ಕೆ ದೊಡ್ಡದು ಸತ್ತಿದ್ರೆ ಇದೇ ಪಾದಾನೂ ಎತ್ತತ್ತೆ. ಪೋಲಿಯೋ ಕೇಸಲ್ಲಿ ಮೋಸ ಹೋಗ್ಬಾರ್ದು ಅಂತ ಸಾರ್ ಅವತ್ತು ಹೇಳಿದ್ರಲ್ಲ. ಮೊದಲು ಬೆರಳು ನಿಗುರತ್ತೆ, ಆಮೇಲೆ ಪಾದ." ಅವನು ದಾರ ಎಳೆದ, ಸತ್ತವನ ಹೆಬ್ಬೆರಳು ಮೇಲೆ ನಿಗುರಿ, ಹಿಂದೆಯೇ ಪಾದ ಎದ್ದಿತು. ಅದುರುತ್ತ, ನಾಲ್ಕು ಬೆರಳಿನಷ್ಟು. ಗಂಗಾಧರ ಮನೆಗೆ ಬಂದವನೇ ಬಟ್ಟೆ ಕೂಡ ಬದಲಿಸದೆ ಅಂಜನಿಯ ಪಾದ ಎತ್ತಿಸಿ ನೋಡಿದ. ಮೊದಲು ಬೆರಳು. ಆಮೇಲೆ ಪಾದ. ಕಾಲಿನ ಹರಡಿನ ಒಳಬದಿಯಲ್ಲಿ ಹಗ್ಗದ ಹಾಗೆ ಉಬ್ಬಿ ನಿಲ್ಲಬೇಕಾದ ಆ ದೊಡ್ಡ ಸ್ನಾಯುವಿನ ಜಾಗದಲ್ಲಿ ಬೆರಳಿಟ್ಟರೆ ಮೆತ್ತನೆಯ ಹಳ್ಳ, ಬೇರೇನೂ ಇಲ್ಲ. ಸ್ನಾಯು ತಿರುಗಿ ಬಂದಿರಲಿಲ್ಲ, ಬರುವುದೂ ಇಲ್ಲ. ಅಂಜನಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಲಂಗದ ಅಂಚನ್ನು ಅವಳ ಪಾದದ ಮೇಲೆ ಎಳೆದು ಎದ್ದುಬಿಟ್ಟ.

ಹೇಳಬಹುದಿತ್ತು. ಆವತ್ತೇ ಹೇಳಿದ್ದರೆ ಎರಡು ದಿನದ ಅಳು, ಅಪ್ಪನ ಮೌನ, ಕಟ್ಟೆಯ ನಗು, ಅಷ್ಟೇ. ಹೇಳದ್ದಕ್ಕೆ ಅವನು ತನಗೆ ತಾನೇ ಕೊಟ್ಟುಕೊಂಡ ಕಾರಣಗಳು ಒಂದೇ ಎರಡೇ. ಅವ್ವನ ನಂಬಿಕೆ ಮುರಿಯಬಾರದು. ಹರಕೆ ತೀರಿದರೆ ತಾನೇ ಏನು ನಷ್ಟ. ಒಂದನ್ನು ಮಾತ್ರ ಅವನು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ, ಆದರೂ ಅದು ಬಂಡಿಯ ಚಕ್ರದ ಕಿರುಗುಟ್ಟುವಿಕೆಯ ಜೊತೆ ಜೊತೆಗೆ ಬರುತ್ತಿತ್ತು. ಆಗ ಅವನಿಗೆ ಎಂಟು ವರ್ಷ, ಅಂಜನಿಗೆ ಮೂರು. ಅವ್ವ ಕಳೆ ಕೀಳಲು ಹೋಗುವಾಗ, ಮಗೀಗೆ ಮೈ ಬೆಚ್ಚಗೈತೆ, ಮನೇಲೇ ಮಲಗಿಸ್ಕೊ ಎಂದು ಹೇಳಿ ಹೋಗಿದ್ದಳು. ಕೆರೆಯಲ್ಲಿ ಹುಡುಗರು ಎಮ್ಮೆ ಈಜಿಸುತ್ತಿದ್ದರು. ಅವಳನ್ನು ಒಬ್ಬಳೇ ಬಿಟ್ಟರೆ ಏಟು ಬೀಳುತ್ತದೆಂದು ಕೈ ಹಿಡಿದು ಎಳೆದುಕೊಂಡು ಹೋದ. ಅವಳು ಕೂತುಕೊಳ್ಳುತ್ತಿದ್ದಳು. ಓಡು, ಗುಮ್ಮ ಬರ್ತಾನೆ ಎಂದು ಹೆದರಿಸಿ ಕೆರೆ ಏರಿಯ ಮೇಲೆ ಓಡಿಸಿದ. ಅವಳ ಅಂಗೈಯ ಬಿಸಿ ಇವತ್ತಿಗೂ ಅವನ ಅಂಗೈಯಲ್ಲಿದೆ. ಮಾರನೆಯ ಬೆಳಿಗ್ಗೆ ಅವಳನ್ನು ನಿಲ್ಲಿಸಿದರೆ ನಿಲ್ಲಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ, ಅವನಿಗೂ. ಈ ಜುಲೈನಲ್ಲಿ ಚನ್ನಬಸವಯ್ಯನವರು ಕಾಲಿನ ನರಗಳ ಪಾಠದ ನಡುವೆ, ಕನ್ನಡಕ ಒರೆಸಿಕೊಳ್ಳುತ್ತ, "ಪೋಲಿಯೋ ಜ್ವರದಲ್ಲಿ ಮಗೂನ ಅಲ್ಲಾಡಿಸಬಾರದು. ಓಡಾಡಿದ ಮಗುವಿಗೆ ಏಟು ಜಾಸ್ತಿ" ಎಂದಿದ್ದರು. ಒಂದೇ ಮಾತು. ಎಲ್ಲರೂ ಬರೆದುಕೊಂಡರು. ಗಂಗಾಧರನೂ ಬರೆದುಕೊಂಡ. ಆ ದಿನದಿಂದ ಕಾಲಿನ ಪಾಠ ಅವನ ತಲೆಗೆ ಹತ್ತಲಿಲ್ಲ. ಕಾಲು ಬಂತು ಎಂದು ಜಗಲಿಯ ಮೇಲೆ ಕೂಗಿದ್ದು ಸ್ನಾಯುವನ್ನು ನೋಡಿ ಅಲ್ಲ, ತಾನು ಬಿಡುಗಡೆಯಾದೆನೆಂದು.

ಸಾರಕ್ಕಿಯ ಕಡೆ ತಿರುಗುವಲ್ಲಿ ಎತ್ತಿಗೆ ನೀರು ಕುಡಿಸಲು ಬಂಡಿ ನಿಂತಿತು. ಅಪ್ಪ ಎತ್ತು ಹಿಡಿದುಕೊಂಡು ಬಾವಿಯ ತೊಟ್ಟಿಗೆ ಹೋದ, ಅವ್ವ ದೀಪಕ್ಕೆ ನಿಂಬೆಹಣ್ಣು ಸಾಲದೆಂದು ಎದುರಿನ ತೋಟಕ್ಕೆ. ಅಂಜನಿ ಬಂಡಿಯಿಂದ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಒಂದು ಕಾಲು ನೆಲ ಮುಟ್ಟುತ್ತಿತ್ತು, ಇನ್ನೊಂದು ಮುಟ್ಟುತ್ತಿರಲಿಲ್ಲ.

"ಅಂಜನಿ, ಅವ್ವಂಗೆ ಆಗಾಕಿಲ್ಲ ಅಂತ ಹೇಳ್ಬಿಡು" ಎಂದ ಅವನು, ಅವಳ ಮುಖ ನೋಡದೆ.

"ನಾನ್ ಅವತ್ತೇ ಹೇಳಿದ್ನಲ್ಲ. ಬೆರಳಲ್ಲಿ ಎತ್ತಿದ್ದು ಅಂತ. ಆರೇಳು ವರ್ಷದಿಂದ ಹಂಗೇ ಎತ್ತೀನಿ, ಹೊಸಲು ದಾಟಾವಾಗ."

"ಹಂಗಾದ್ರೆ ಹೇಳು."

"ನಾನೇಳಿದ್ರೆ ನಂಬ್ತಾರಾ? ಹೆದರ್ಕಂಡು ಸುಳ್ಳೇಳ್ತಾಳೆ ಅಂತಾರೆ. ಓದಿರೋನು ನೀನು." ಆಮೇಲೆ, "ನೀನು ಹೇಳು ಅಣ್ಣಯ್ಯ. ಬಯ್ಯಾಕಿಲ್ಲ ಯಾರೂ" ಎಂದಳು. ಅವನಿಗೆ ಸಮಾಧಾನ ಹೇಳುತ್ತಿರುವಂತಿತ್ತು ಅವಳ ದನಿ.

"ಹೇಳ್ತೀನಿ" ಎಂದ. ಅವ್ವ ಮಡಿಲಲ್ಲಿ ನಿಂಬೆಹಣ್ಣು ತುಂಬಿಕೊಂಡು, ದೂರದಿಂದಲೇ ನಗುತ್ತ ಬಂದಳು. ತೋಟದವನು, ಕಾಲು ಬಂದ ಹುಡುಗಿಗೆ ಅಂದರೆ, ಎರಡು ಹೆಚ್ಚಿಗೆ ಕೊಟ್ಟನಂತೆ. ಬಂಡಿ ಹೊರಟಿತು.

ಗುಡಿಯಲ್ಲಿ ರಾಹುಕಾಲ ಶುರುವಾಗಿತ್ತು. ಹೆಂಗಸರು ನಿಂಬೆಹೋಳನ್ನು ಒಳಮಗ್ಗುಲು ತಿರುವಿ, ಎಣ್ಣೆ ಬಿಟ್ಟು, ಬತ್ತಿ ಹಚ್ಚುತ್ತಿದ್ದರು. ಸುಟ್ಟ ಸಿಪ್ಪೆಯ ಹುಳಿ ವಾಸನೆ ಪ್ರಾಂಗಣ ತುಂಬಿತ್ತು. ಬಾವಿನೀರು ಹೊಯ್ದುಕೊಂಡ ಅಂಜನಿಯ ಒದ್ದೆ ಲಂಗ ಎಡಗಾಲಿಗೆ ಅಂಟಿಕೊಂಡು ಅದರ ಸಣ್ಣತನ ಎಲ್ಲರಿಗೂ ಕಾಣುವಂತಾಯಿತು. ಗಂಗಾಧರ ಮೈಮುದುಡಿದ. ಅವಳು ಗುಡಿಬಾಗಿಲ ಮುಂದೆ ನಿಂತಳು. ಅವ್ವ ಅವಳ ಎರಡು ಕೈಗಳನ್ನೂ ಹಿಡಿದು ಎದೆಯ ಮುಂದೆ ಜೋಡಿಸಿ, "ಇನ್ನ ಬುಡಬ್ಯಾಡ" ಎಂದಳು. ಆಗ, ಆಗಷ್ಟೇ, ಗಂಗಾಧರನಿಗೆ ಹೊಳೆಯಿತು. ಇಷ್ಟು ದಿನವೂ ಅವನು ಪಾದವನ್ನೇ ಯೋಚಿಸುತ್ತಿದ್ದ. ಪಾದ ಎಳೆದುಕೊಂಡಾದರೂ ಸುತ್ತಿಯಾಳು ಎಂದುಕೊಂಡಿದ್ದ. ಅವಳು ನಿಲ್ಲುವುದು ಕಾಲಿನಿಂದಲ್ಲ, ತೊಡೆಯನ್ನು ಒತ್ತಿ ಹಿಡಿಯುವ ಆ ಕೈಯಿಂದ. ಮೊಣಕಾಲು ಮಡಿಚದಂತೆ ಬಿಗಿಯುವ ತೊಡೆಯ ಸ್ನಾಯು ಅವಳಲ್ಲಿ ಕಾಲುಭಾಗವೂ ಉಳಿದಿಲ್ಲ. ಆ ಕೆಲಸ ಹನ್ನೆರಡು ವರ್ಷದಿಂದ ಮಾಡುತ್ತಿದ್ದದ್ದು ಅಂಗೈ. ಯಾವ ಪುಸ್ತಕದಲ್ಲೂ ಕಾಲಿನ ಸ್ನಾಯುಗಳ ಪಟ್ಟಿಯಲ್ಲಿ ಕೈ ಇರಲಿಲ್ಲ. ಈಗ ಆ ಕೈ ಮುಗಿದಿತ್ತು.

ಅವಳು ಬಲಪಾದ ಇಟ್ಟಳು. ಎಡಪಾದ ತಂದು ಅದರ ಬೆರಳಿಗೆ ಹಿಮ್ಮಡಿ ತಾಕಿಸಿದಳು. ಈಗ ಎಡಗಾಲ ಮೇಲೆ ಒಂದು ಕ್ಷಣ ನಿಲ್ಲಬೇಕು. ಅವಳು ಮೈಯನ್ನು ಮುಂದಕ್ಕೆ ಬಾಗಿಸಿ, ಮೊಣಕಾಲನ್ನು ಹಿಂದಕ್ಕೆ ನೂಕಿ ಅಗುಳಿ ಹಾಕಿದ ಹಾಗೆ ಸಿಕ್ಕಿಸಿಕೊಂಡಳು. ಸೊಂಟ ಬಲಕ್ಕೆ ಕುಸಿಯಿತು, ಇಡೀ ಮೈ ಎಡಕ್ಕೆ ವಾಲಿ ಅದನ್ನು ಸರಿತೂಗಿಸಿತು. ಆ ಎಡೆಯಲ್ಲಿ ಬಲಪಾದ ಮುಂದೆ ಬಂತು. ಯಾರೂ ಕಲಿಸಿದ್ದಲ್ಲ. ಅವಳು ತನ್ನ ಕಾಲನ್ನು ಬಲ್ಲಷ್ಟು ಚನ್ನಬಸವಯ್ಯನವರೂ ಬಲ್ಲರೇ ಎನ್ನಿಸಿತು ಗಂಗಾಧರನಿಗೆ. ನೋಡುತ್ತ ನೋಡುತ್ತ ಅವನಿಗೆ ಸ್ನಾಯುಗಳ ಹೆಸರೆಲ್ಲ ತಾವಾಗಿ ಬರತೊಡಗಿದವು, ಹುಟ್ಟುವ ಜಾಗ, ಕೂಡುವ ಜಾಗ, ನರ, ಕೆಲಸ, ಒಂದೂ ತಪ್ಪದೆ, ಒಂದೂ ಹಿಂದುಮುಂದಾಗದೆ. ಸೋಮವಾರದ ಪರೀಕ್ಷೆಯಲ್ಲಿ ಪಾಸಾಗುತ್ತೇನೆ ಎಂಬುದು ಸ್ಪಷ್ಟವಾಗಿ ತಿಳಿಯಿತು. ಹಾಗೆ ತಿಳಿದದ್ದಕ್ಕೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಗರ್ಭಗುಡಿಯ ಹಿಂದೆ ಅವಳು ಮೊದಲ ಸಲ ಬಿದ್ದಳು. ಬಿದ್ದವಳು ಕೈ ಬಿಡಲಿಲ್ಲ, ಮೊಣಕೈ ಊರಿದಳು. ಎದ್ದು ಸುತ್ತು ಮುಗಿಸಿದಳು. ಎರಡನೆಯ ಸುತ್ತಿನ ನಡುವೆ ಎಣ್ಣೆ ಚೆಲ್ಲಿದ ಕಲ್ಲಿನ ಮೇಲೆ ಮೊಣಕಾಲು ಒಮ್ಮೆಗೇ ಮಡಿಚಿತು. ಮುಗಿದ ಕೈ ಮುಗಿದ ಹಾಗೇ ಇತ್ತು; ಮುಖ ನೆಲಕ್ಕೆ ಬಡಿಯಿತು. ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ದೀಪ ಹಚ್ಚುತ್ತಿದ್ದ ಹೆಂಗಸರು ತಿರುಗಿದರು. "ಮನಸ್ಸಲ್ಲಿ ಏನೋ ಶಂಕೆ ಇರ್ಬೇಕು ಕಣಮ್ಮ, ಇಲ್ದಿದ್ರೆ ತಾಯಿ ಕೈ ಬಿಡ್ತಾಳಾ" ಎಂದಳು ಅವರಲ್ಲೊಬ್ಬಳು. ಮುನಿವೆಂಕಟಮ್ಮ ಮಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮುಟ್ಟದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಂಬ್ಕೆ ಇಲ್ಲ ನಿಂಗೆ. ಬೆರಳು ಬೆರಳು ಅಂತಿದ್ಯಲ್ಲ ಅವತ್ತಿಂದ. ಕೊಟ್ಟ ಕಾಲ್ನ ಇಲ್ಲ ಅಂದ್ರೆ ತಾಯಿ ಸುಮ್ನಿರ್ತಾಳಾ, ಪಾಪಿ?" ಎಂದಳು. ಅಂಜನಿ ನಾಲಗೆಯಿಂದ ತುಟಿಯ ರಕ್ತ ನೆಕ್ಕಿಕೊಂಡಳು.

"ಸಾಕು ಬುಡೆ" ಎಂದ ಬೋರಣ್ಣ. "ಮಗಾನ ಸಾಯಿಸೀಯ?" ಆಮೇಲೆ ಗಂಗಾಧರನ ಕಡೆ ತಿರುಗಿದ. ಕಟ್ಟೆಯ ಮೇಲೆ ಎದೆಯುಬ್ಬಿಸಿ ಮಾತಾಡುತ್ತಿದ್ದವನು ಈಗ ಮಗನ ಮುಂದೆ ಬೇಡುವವನ ಹಾಗೆ ನಿಂತಿದ್ದ. "ನೀನೇಳಪ್ಪ. ನಮಗೇನ್ ಗೊತ್ತಾಯ್ತದೆ. ಕಾಲು ಬಂದೈತೋ, ಇಲ್ವೋ? ಇಲ್ಲ ಅನ್ನು, ಈಗ್ಲೇ ಬಂಡಿ ಕಟ್ತೀನಿ. ಯಾವ ಹರಕೇನೂ ಬ್ಯಾಡ."

ಇದಕ್ಕಿಂತ ಸುಲಭವಾಗಿ ಯಾರೂ ಬಾಗಿಲು ತೆರೆದುಕೊಡಲಾರರು. ಎರಡು ಅಕ್ಷರ ಹೇಳಿದರೆ ಮುಗಿಯಿತು. ಗಂಗಾಧರ ಬಾಯಿ ತೆರೆದ. ಹೆಂಗಸರು ನೋಡುತ್ತಿದ್ದರು. ಅವ್ವ ಅವನನ್ನು ನೋಡುತ್ತಿದ್ದ ರೀತಿಯಲ್ಲಿ ಅವನನ್ನು ಯಾರೂ ಎಂದೂ ನೋಡಿರಲಿಲ್ಲ, ಇನ್ನು ಮುಂದೆ ನೋಡುವುದೂ ಇಲ್ಲ. ಇಲ್ಲ ಎಂದರೆ ಯಾಕೆ ಇಲ್ಲ ಎಂದು ಕೇಳುತ್ತಾರೆ. ಅದಕ್ಕೆ ಉತ್ತರಿಸಿದರೆ ಇನ್ನೊಂದು. ಹಾಗೆ ಒಂದರ ಹಿಂದೆ ಒಂದು ಬಂದು ಕೊನೆಗೆ ಕೆರೆಯ ಏರಿಯ ಮೇಲೆ ನಿಲ್ಲುತ್ತದೆ ಎಂದು ಅವನಿಗೆ ಅನ್ನಿಸಿತು. ಯಾರೂ ಅಷ್ಟು ದೂರ ಕೇಳುತ್ತಿರಲಿಲ್ಲ. ಅದೂ ಅವನಿಗೆ ಗೊತ್ತಿತ್ತು.

"ಬಂದೈತೆ" ಎಂದ. ದನಿ ತನ್ನದಲ್ಲವೆನ್ನಿಸಿತು, ಆದರೂ ಗಟ್ಟಿಯಾಗಿಯೇ ಬಂತು. "ಬಂದೈತೆ ಕಣಪ್ಪ. ಹೆದರ್ಕೊಂಡವಳೆ ಅಷ್ಟೆ. ಸ್ವಲ್ಪ ಪ್ರಯತ್ನ ಮಾಡ್ಬೇಕು."

ಬೋರಣ್ಣ ತಲೆದೂಗಿ ಹಿಂದೆ ಸರಿದ. ಅಂಜನಿ ಅಣ್ಣನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಲ್ಲಿ ಇದ್ದದ್ದು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಅವನು ಹೇಳಿದ್ದನ್ನು ಮಾಡುವಾಗ ಇರುತ್ತಿದ್ದ ತಾಳ್ಮೆ. ಅವಳು ಕೈಯನ್ನು ತೊಡೆಗೆ ಕೊಟ್ಟು, ಒತ್ತಿ, ಎದ್ದು ನಿಂತಳು.

"ಬಿದ್ದ ಜಾಗದಿಂದ್ಲಾ ಅವ್ವ, ಮೊದಲಿಂದ್ಲಾ?" ಎಂದು ಕೇಳಿದಳು.

"ಮೊದಲಿಂದ ಕಣವ್ವ" ಎಂದಳು ಮುನಿವೆಂಕಟಮ್ಮ.

ಅಂಜನಿ ತೊಡೆ ಒತ್ತಿಕೊಂಡು ಗುಡಿಬಾಗಿಲವರೆಗೆ ನಡೆದು ಹೋಗಿ, ಅಲ್ಲಿ ನಿಂತು, ಕೈ ಮುಗಿದಳು.